ಗ್ರಾಮ ಪಂಚಾಯಿತಿನಾ, ಪಟ್ಟಣ ಪಂಚಾಯಿತಿನಾ?

ಊರು ಬೆಳೆದಿದೆ, ಪಟ್ಟಣ ಪಂಚಾಯಿತಿ ಆಗಲಿ ಅಂತ ಕೂಗು ಎದ್ದಿದೆಯಾ? ಮನವಿಗೆ ಸಹಿ ಹಾಕುವ ಮೊದಲು ಎರಡನ್ನೂ ಒಮ್ಮೆ ನೋಡಿ.

ಪಟ್ಟಣ ಪಂಚಾಯಿತಿ ಆಗುವ ಅರ್ಹತೆಯ ಲೆಕ್ಕ ಸರಳ. ಜನಸಂಖ್ಯೆ 10,000ದಿಂದ 20,000, ಚದರ ಕಿಲೋಮೀಟರಿಗೆ ಕನಿಷ್ಠ 400 ಜನ, ಅರ್ಧದಷ್ಟಾದರೂ ಉದ್ಯೋಗ ಬೇಸಾಯದಾಚೆಗಿನದು.

ದೊಡ್ಡ ವ್ಯತ್ಯಾಸ ಇರುವುದು ಪ್ರತಿನಿಧಿಗಳಲ್ಲಿ. ಗ್ರಾಮ ಪಂಚಾಯಿತಿಯಲ್ಲಿ ಸುಮಾರು 400 ಜನರಿಗೆ ಒಬ್ಬ ಸದಸ್ಯ. 12,000 ಜನರ ಊರಿಗೆ 30 ಸದಸ್ಯರು! ಪಕ್ಷದ ಚಿಹ್ನೆ ಇಲ್ಲ. ಗ್ರಾಮಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳಬಹುದು. ಪಟ್ಟಣ ಪಂಚಾಯಿತಿಯಲ್ಲಿ ವಾರ್ಡಿಗೆ ಒಬ್ಬರೇ, ಸದಸ್ಯರು ಕಡಿಮೆ. ಚುನಾವಣೆ ಪಕ್ಷದ ಚಿಹ್ನೆಯ ಮೇಲೆ. ಗ್ರಾಮಸಭೆಯೂ ಇಲ್ಲ. ನನ್ನ ಪ್ರಕಾರ ಇದೇ ದೊಡ್ಡ ನಷ್ಟ, ಆದರೆ ಇದರ ಬಗ್ಗೆ ಯಾರೂ ಜಾಸ್ತಿ ಮಾತಾಡಲ್ಲ.

ಕೂಲಿ ಮಾಡುವವರಿಗೆ ಗ್ರಾಮೀಣ ಉದ್ಯೋಗ ಖಾತ್ರಿಯ ಕೆಲಸವೂ ತಪ್ಪುತ್ತದೆ. ಆಸ್ತಿ ತೆರಿಗೆ ಸಾಮಾನ್ಯವಾಗಿ ಏರುತ್ತದೆ.

ಹಾಗಂತ ಪಟ್ಟಣ ಪಂಚಾಯಿತಿ ಸುಮ್ನೆ ಅಲ್ಲ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಬದಲು ಮುಖ್ಯಾಧಿಕಾರಿ ಬರುತ್ತಾರೆ. ನಗರ ಯೋಜನೆಗಳ ಅನುದಾನ ಸಿಗುತ್ತದೆ. ಬಸ್ ಸ್ಟ್ಯಾಂಡ್ ಸುತ್ತ ಕಸ, ಚರಂಡಿ ಕೈಮೀರಿದ್ದರೆ ಇದೇ ಸರಿ. ಇನ್ನೂ ಹೊಲಗದ್ದೆ, ಕೂಲಿಯೇ ಆಧಾರವಾದ ಹಳ್ಳಿಗಳನ್ನು ಜನಸಂಖ್ಯೆ ತುಂಬಿಸಲು ಸೇರಿಸುತ್ತಿದ್ದರೆ, ಕರಡು ಅಧಿಸೂಚನೆ ಬಂದಾಗಲೇ ಆಕ್ಷೇಪಣೆ ಕೊಡಿ.