ಚರಂಡಿ ಪೈಪಿನ ವಾಟ (ಇಳಿಜಾರು) ಅಳೆಯದೆ ಮಣ್ಣು ಮುಚ್ಚಬೇಡಿ

ಮನೆ ಕಟ್ಟಿಸುತ್ತಾ ಇದ್ದು, ಹೊರಗಿನ ಡ್ರೈನೇಜ್ ಪೈಪಿನ ಮೇಲೆ ಇನ್ನೂ ಮಣ್ಣು ಮುಚ್ಚಿಲ್ಲ ಅಂದರೆ ದಯವಿಟ್ಟು ಇದನ್ನು ಇವತ್ತೇ ಓದಿ.

ನಮ್ಮ ಮನೆ ತುಮಕೂರಿನ ಕ್ಯಾತ್ಸಂದ್ರದ ಕಡೆ. ಗೃಹಪ್ರವೇಶ ಆಗಿ ಒಂದು ವರ್ಷ ಆಗಿತ್ತು ಅಷ್ಟೇ. ಗೌರಿ ಹಬ್ಬಕ್ಕೆ ಅಕ್ಕ, ಭಾವ, ಮಕ್ಕಳು ಎಲ್ಲ ಬಂದಿದ್ದರು. ಬೆಳಿಗ್ಗೆ ಮೂರನೆಯವರು ಸ್ನಾನಕ್ಕೆ ಹೋಗುವ ಹೊತ್ತಿಗೆ ಬಚ್ಚಲಿನ ಜಾಲರಿಯಿಂದ ಕಪ್ಪು ನೀರು ಮೇಲಕ್ಕೆ ಉಕ್ಕಿತು. ಹಬ್ಬದ ಮನೆಯಲ್ಲಿ ಆ ವಾಸನೆ. ಅಮ್ಮ ದೇವರ ಮನೆ ಬಾಗಿಲು ಹಾಕಿಕೊಂಡು ಪೂಜೆ ಮುಗಿಸಿದರು.

ಅವತ್ತು ಬಿದಿರಿನ ದಬ್ಬೆ ಹಾಕಿ ತಳ್ಳಿಸಿದೆವು. ಹದಿನೈದು ದಿನಕ್ಕೆ ಮತ್ತೆ ಕಟ್ಟಿತು. ಹೀಗೆ ನಾಲ್ಕು ಸಲ. ರಿಪೇರಿಗೆ ಬಂದವರೆಲ್ಲ ಕೂದಲು ಸಿಕ್ಕಿಕೊಂಡಿರಬೇಕು, ಬಟ್ಟೆ ಬಿದ್ದಿರಬೇಕು ಎಂದರು, ನಾನು ಅದನ್ನೇ ನಂಬಿ ಮಕ್ಕಳ ಮೇಲೆ ಸುಮ್ನೆ ರೇಗಾಡಿದೆ. ಒಬ್ಬರಂತೂ ರಸ್ತೆಯ ಮ್ಯಾನ್‌ಹೋಲಿಗೆ ಇಳಿಯುತ್ತೇನೆ ಎಂದು ಅಂಗಿ ಬಿಚ್ಚಿದರು, ನಾವು ಬಿಡಲಿಲ್ಲ. ಯಾರೂ ಬಿಡಬೇಡಿ. ಮಲ ಹೊರುವ ಪದ್ಧತಿ ತಡೆಯುವ 2013ರ ಕಾಯ್ದೆಯಲ್ಲಿ ಅದು ನಿಷೇಧ, ಒಳಗಿನ ಗಾಳಿ ಜೀವ ತೆಗೆಯುತ್ತದೆ.

ಐದನೇ ಸಲ ಕಾಂಕ್ರೀಟ್ ಒಡೆಸಿ ಅಗೆಸಿಯೇ ಬಿಟ್ಟೆ.

ಹಿಂದಿನ ಬಾತ್‌ರೂಮಿನಿಂದ ಮುಂದಿನ ಚೇಂಬರಿಗೆ (ಪೈಪು ಬಂದು ಸೇರುವ, ಮುಚ್ಚಳ ಇರುವ ಗುಂಡಿ) 48 ಅಡಿ, ನಾಲ್ಕು ಇಂಚಿನ ಪಿವಿಸಿ ಪೈಪು. ಟ್ಯೂಬ್ ಲೆವೆಲ್ (ಮಟ್ಟ ನೋಡೋಕೆ ನೀರು ತುಂಬಿದ ಪಾರದರ್ಶಕ ಕೊಳವೆ) ಹಿಡಿದು ನೋಡಿದರೆ ಒಟ್ಟು ಇಳಿತ ಬರೀ 5 ಇಂಚು! ಅದರಲ್ಲಿ 4 ಇಂಚು ಮೊದಲ ಅರ್ಧದಲ್ಲೇ ಮುಗಿದಿತ್ತು, ಉಳಿದರ್ಧ ಹೆಚ್ಚುಕಡಿಮೆ ಸಪಾಟು. ನಡುವೆ ಒಂದು ಕಡೆ ಪೈಪು ಕೆಳಕ್ಕೆ ಬಾಗಿ ಹೊಟ್ಟೆ ಬಿಟ್ಟಿತ್ತು. ಅಲ್ಲಿ ಕತ್ತರಿಸಿದಾಗ ಅಡುಗೆಮನೆಯ ಜಿಡ್ಡು, ಸೋಪಿನ ಕೊಳೆ ಎಲ್ಲ ಸೇರಿ ಅರ್ಧ ಪೈಪಿನವರೆಗೆ ಬೆಳ್ಳಗೆ, ಗಟ್ಟಿ ಬೆಣ್ಣೆ ಹಾಗೆ ಕೂತಿತ್ತು, ಅದರೊಳಗೆ ಹುಣಸೆ ಬೀಜಗಳು ಹಾಗೇ ಹೂತುಕೊಂಡಿದ್ದವು.

ಆಗಿದ್ದು ಇಷ್ಟು. ಮೇಸ್ತ್ರಿ ಬಾತ್‌ರೂಮಿನ ಕಡೆಯಿಂದ ಅಗೆಯೋಕೆ ಶುರು ಮಾಡಿದರು. ಆಳ ಇದ್ದರೆ ಒಳ್ಳೇದು ಸಾರ್ ಎಂದು ಅಲ್ಲೇ ಒಂದೂವರೆ ಅಡಿ ಇಳಿಸಿಬಿಟ್ಟರು. ಚೇಂಬರ್ ಹತ್ತಿರ ಬರುವಾಗ ಇಳಿಸೋಕೆ ಜಾಗವೇ ಉಳಿದಿರಲಿಲ್ಲ. ಯುಜಿಡಿಗೆ (ರಸ್ತೆಯ ಒಳಚರಂಡಿಗೆ) ಸೇರುವ ಬಾಯಿ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ, ಅದನ್ನು ನಾವು ತಗ್ಗಿಸೋಕೆ ಆಗಲ್ಲ ಅಲ್ವಾ? ಅದಕ್ಕೇ ಲೆಕ್ಕ ಆ ಬಾಯಿಯಿಂದ ಹಿಂದಕ್ಕೆ ಬರಬೇಕು. ಸಾಧ್ಯವಾದರೆ ಪಾಯ ಹಾಕುವ ಮೊದಲೇ.

ನಾಲ್ಕು ಇಂಚಿನ ಪೈಪಿಗೆ ಅಡಿಗೆ ಕಾಲು ಇಂಚು ಎಂದು ನೆನಪಿಟ್ಟುಕೊಳ್ಳಿ. 10 ಅಡಿಗೆ ಎರಡೂವರೆ ಇಂಚು, ನಮ್ಮ 48 ಅಡಿಗೆ 12 ಇಂಚು. ಮೇಸ್ತ್ರಿ ಒಂದಡಿಯ ರಸಮಟ್ಟ ಪೈಪಿನ ಮೇಲಿಟ್ಟು, ಗುಳ್ಳೆ ಸ್ವಲ್ಪ ಸರಿದಿದ್ದನ್ನು ತೋರಿಸಿ ವಾಟ ಇದೆ ಎಂದಿದ್ದರು. ನಾನೂ ತಲೆಯಾಡಿಸಿದ್ದೆ. ಗುಳ್ಳೆ ಸರಿದರೆ ವಾಟ ಇದೆ ಅಂತ ಗೊತ್ತಾಗುತ್ತದೆ, ಎಷ್ಟಿದೆ ಅಂತ ಗೊತ್ತಾಗಲ್ಲ. ಎರಡು ತುದಿಗೂ ಟ್ಯೂಬ್ ಲೆವೆಲ್ ಹಿಡಿಸಿ, ದಾರ ಕಟ್ಟಿಸಿ, ಟೇಪು ನೀವೇ ಹಿಡಿಯಿರಿ.

ಹೊಟ್ಟೆ ಬಿಟ್ಟಿದ್ದಕ್ಕೆ ಕಾರಣ ಬೇರೆ. ಅಲ್ಲಿ ಜಾಸ್ತಿ ಆಳ ಅಗೆದು, ಆಮೇಲೆ ಸಡಿಲ ಮಣ್ಣು ತುಂಬಿ ಮೇಲೆ ಪೈಪ್ ಇಟ್ಟಿದ್ದರು. ದಿಮ್ಮಸು ಹಾಕಿ ಮಣ್ಣು ಗಟ್ಟಿ ಮಾಡಿರಲಿಲ್ಲ. ಮಳೆಗೆ ಮಣ್ಣು ಕುಸಿಯಿತು, ಪೈಪೂ ಜೊತೆಗೆ ಇಳಿಯಿತು.

ಆರು ಇಂಚಿನ ಪೈಪ್ ಹಾಕಿಬಿಡಿ, ಎಲ್ಲ ಸರಿಹೋಗುತ್ತದೆ ಎಂದವರೂ ಇದ್ದಾರೆ. ಒಂದು ಮನೆಯ ನೀರು ಅಷ್ಟು ಅಗಲಕ್ಕೆ ತೆಳ್ಳಗೆ ಹರಡಿದರೆ ಕೊಳೆ ತಳ್ಳೋ ಶಕ್ತಿ ಎಲ್ಲಿಂದ ಬರಬೇಕು? ನಾವು ನಾಲ್ಕು ಇಂಚನ್ನೇ ಉಳಿಸಿಕೊಂಡು, ಹಿಂದಿನ ತುದಿಯನ್ನು 7 ಇಂಚು ಮೇಲೆತ್ತಿದೆವು. ತಳ ಗಟ್ಟಿ ಮಾಡಿ, ಮರಳು ಹಾಸಿ, ಸಾಕೆಟ್ ಬಾಯಿ (ಪೈಪಿನ ಅಗಲವಾದ ತುದಿ) ನೀರು ಬರುವ ಕಡೆಗೆ ಇರುವ ಹಾಗೆ ಜೋಡಿಸಿದರು. ಹಿಂದೆ ಆಳ ಕಡಿಮೆ ಆದ ಕಡೆ ಮೇಲೆ ಕಾಂಕ್ರೀಟ್ ಹಾಕಿಸಿದೆ. ಎಲ್ಲ ಸೇರಿ 38 ಸಾವಿರ ಖರ್ಚಾಯಿತು.

ಈ ಸಲ ಎರಡು ದಿನ ಮಣ್ಣು ಮುಚ್ಚೋಕೆ ಬಿಡಲಿಲ್ಲ. ಮಗಳ ಮೂರು ಇಂಚಿನ ಪ್ಲಾಸ್ಟಿಕ್ ಚೆಂಡನ್ನು ಹಿಂದಿನ ಬಾಯಿಗೆ ಹಾಕಿ ಒಂದು ಬಕೆಟ್ ನೀರು ಸುರಿದೆ. ಅವಳು ಚೇಂಬರ್ ಹತ್ತಿರ ಕಾಯುತ್ತಾ ನಿಂತಿದ್ದಳು. ಚೆಂಡು ಎಲ್ಲೂ ನಿಲ್ಲದೆ ಬಂತು. ಟೇಪು ಇಟ್ಟು ಪ್ರತಿ ಜಾಯಿಂಟಿನ ಫೋಟೊ ತೆಗೆದುಕೊಂಡ ಮೇಲೇ ಮಣ್ಣು ಹಾಕಿ ಎಂದೆ.