ಕೋತಿಯೇ ಪಾನಾ, ಕೋನೇ ಟೋಪಿ

ಈ ಮಳೆಗಾಲದಲ್ಲಿ ಎರಡು ಪಾಯಿಂಟ್ ಅಂಡ್ ಕ್ಲಿಕ್ ಆಟಗಳನ್ನು, ಅಂದರೆ ಮೌಸ್ ಒತ್ತುತ್ತ ಒಗಟು ಬಿಡಿಸುವ ಕಂಪ್ಯೂಟರ್ ಆಟಗಳನ್ನು, ಒಂದರ ಹಿಂದೊಂದು ಆಡಿದೆ: 1991ರ 'ಮಂಕಿ ಐಲ್ಯಾಂಡ್ 2' ಮತ್ತು 2009ರ 'ಮೆಷಿನೇರಿಯಂ'. ಎರಡರ ಅಚ್ಚೂ ಒಂದೇ. ಕಂಡಕಂಡದ್ದನ್ನೆಲ್ಲ ಎತ್ತಿ ಜೇಬಿಗೆ ಹಾಕಿಕೊಳ್ಳಬೇಕು, ಇನ್ನೆಲ್ಲೋ ಅದನ್ನು ಬಳಸಬೇಕು, ಆಗ ಯಾವುದೋ ಬಾಗಿಲು ತೆರೆಯುತ್ತದೆ. ಗುಂಡಿನ ಸುರಿಮಳೆಯಿಲ್ಲ, ಗಡಿಬಿಡಿಯಿಲ್ಲ. ಒಗಟು ಬಿಡಿಸಲು ಬಾರದೆ ಕೈಕಟ್ಟಿ ಕೂರುವುದು ಮಾತ್ರ ಇದ್ದದ್ದೇ.

ಮೂರನೆಯದಾಗಿ 1990ರ 'ಕಿಂಗ್ಸ್ ಕ್ವೆಸ್ಟ್ 5' ಕೂಡ ಇತ್ತು. ಅದರಲ್ಲಿ ಹಸಿವಾಯಿತೆಂದು ಚೀಲದಲ್ಲಿದ್ದ ಕಡುಬಿನಂಥ ಪೈ ತಿಂದುಬಿಟ್ಟೆ. ಮುಂದೆ ಹಿಮಮಾನವ ಎದುರಾದಾಗ ಅವನ ಮುಖಕ್ಕೆ ಎಸೆಯಬೇಕಾದದ್ದು ಅದೇ ಪೈ! ತಿಂದವನಿಗೆ ಸಾವೇ ಗತಿ, ಮತ್ತೆ ಹಿಂದಿನಿಂದ ಆರಂಭ. ಎರಡು ಸಂಜೆಗೆ ಅದನ್ನು ಅಳಿಸಿ ಹಾಕಿದೆ.

ಮಂಕಿ ಐಲ್ಯಾಂಡಿನ ನಾಯಕ ಗೈಬ್ರಷ್, ಕಡಲ್ಗಳ್ಳನೆಂದು ಬೀಗುವ ಮಾತಿನಮಲ್ಲ. ಇದರ ಸೊಗಸೆಲ್ಲ ಮಾತಿನಲ್ಲಿದೆ. ಕುಚೇಷ್ಟೆಗೆ ಒಂದು ಉದಾಹರಣೆ ಕೊಡುತ್ತೇನೆ: ಉಗುಳುವ ಸ್ಪರ್ಧೆಯೊಂದನ್ನು ಗೆಲ್ಲಬೇಕು. ಹಳದಿ ಪಾನೀಯ, ನೀಲಿ ಪಾನೀಯ ಬೆರೆಸಿ ಕುಡಿದರೆ ಉಗುಳು ಮಂದವಾಗುತ್ತದೆ. ಹೆಂಗಸೊಬ್ಬಳ ಕೊರಳವಸ್ತ್ರ ಹಾರಾಡಿದಾಗ ಗಾಳಿ ಬೀಸುತ್ತಿದೆ ಎಂದು ತಿಳಿದು ಆಗಲೇ ಉಗಿಯಬೇಕು. ಅಷ್ಟಾದರೂ ಸಾಲದು! ಟಪಾಲು ಹಡಗು ಬಂತೆಂದು ಕಹಳೆ ಊದಿ, ಎಲ್ಲರೂ ಅತ್ತ ಓಡಿದಾಗ ಗುರುತಿನ ಬಾವುಟಗಳನ್ನೇ ಸರಿಸಬೇಕು. ಎಲೆಅಡಿಕೆ ಜಗಿಯುತ್ತ ಜಗಲಿಯಿಂದಲೇ ಅಂಗಳದಾಚೆಗೆ ಗುರಿಯಿಡುತ್ತಿದ್ದ ನಮ್ಮಜ್ಜನಿಗೆ ಇದ್ಯಾವುದೂ ಬೇಕಾಗುತ್ತಿರಲಿಲ್ಲ.

ಆದರೆ ಅದೇ ಮಾತು ನನ್ನನ್ನು ಮೂರು ದಿನ ಸತಾಯಿಸಿತು. ಜಲಪಾತದ ಬಳಿ ಒಂದು ಪಂಪು, ಅದನ್ನು ತಿರುಗಿಸಲು ಸಾಧನ ಬೇಕು. ಇದ್ದಬದ್ದ ಸಾಮಾನನ್ನೆಲ್ಲ ಅದಕ್ಕೆ ತಾಗಿಸಿ ನೋಡಿದೆ. ಕೊನೆಗೆ ನಾಚಿಕೆ ಬಿಟ್ಟು ಉತ್ತರ ಹುಡುಕಿದೆ. ಬೇರೊಂದು ದ್ವೀಪದ ಹೆಂಡದಂಗಡಿಯಲ್ಲಿ ಪಿಯಾನೋ ನುಡಿಸುವ ಕೋತಿಯಿದೆ. ತಾಳ ಹಾಕುವ ಮೆಟ್ರೊನೋಮಿಗೆ ಬಾಳೆಹಣ್ಣು ಸಿಕ್ಕಿಸಿದರೆ ಅದನ್ನೇ ನೋಡುತ್ತ ಕೋತಿ ಮರಗಟ್ಟಿ ನಿಲ್ಲುತ್ತದೆ. ಅದನ್ನು ಹೊತ್ತು ತಂದು, ಅದರಿಂದಲೇ ಪಂಪು ತಿರುಗಿಸಬೇಕು. ಏಕೆ? ಅಮೆರಿಕದವರು ಅಂಥ ಪಾನಾವನ್ನು 'ಮಂಕಿ ರೆಂಚ್' ಎನ್ನುತ್ತಾರೆ! ನಮ್ಮ ಮನೆಯ ನಲ್ಲಿ ರಿಪೇರಿಗೆ ಬರುವವನು ಅದನ್ನು ಪೈಪ್ ಪಾನಾ ಎನ್ನುತ್ತಾನೆ, ಅದರಲ್ಲಿ ಕೋತಿ ಎಲ್ಲಿಂದ ಬರಬೇಕು? ಕೋತಿಯನ್ನು ಕಂಡ ಕೂಡಲೇ ನನಗೆ ತೋಚಿದ್ದು ಅದಕ್ಕೆ ಹೆಂಡ ಕುಡಿಸಬೇಕೆಂದು. ಹೇಗೂ ಹೆಂಡದಂಗಡಿಯೇ, ಗಾದೆಯೂ ಇದೆ. ಕನ್ನಡದಲ್ಲಿ ಈ ಆಟ ಹುಟ್ಟಿದ್ದರೆ ಅದೇ ಸರಿಯುತ್ತರವಾಗಿ, ಮೂರು ದಿನ ತಲೆ ಕೆರೆದುಕೊಳ್ಳುವ ಸರದಿ ಅಮೆರಿಕದವರದಾಗುತ್ತಿತ್ತು.

ಚೆಕ್ ದೇಶದ ಅಮಾನಿಟಾ ಡಿಸೈನ್ ಮಾಡಿದ ಮೆಷಿನೇರಿಯಂನಲ್ಲಿ ಈ ತಕರಾರೇ ಇಲ್ಲ, ಏಕೆಂದರೆ ಪಾತ್ರಗಳು ಮಾತೇ ಆಡುವುದಿಲ್ಲ. ತುಕ್ಕು ಹಿಡಿದ ನಗರ, ಕಸದ ಗುಡ್ಡೆಗೆ ಬಿದ್ದ ಪುಟ್ಟ ರೋಬೋ, ತಲೆಯ ಮೇಲೆ ಗುಳ್ಳೆಯಲ್ಲಿ ಮೂಡುವ ಚಿತ್ರಗಳು, ಅಷ್ಟೆ. ಅಕ್ಕನ ಎಂಟು ವರ್ಷದ ಮಗಳು ಪಕ್ಕದಲ್ಲಿ ಕೂತಿದ್ದಳು. ಸೇತುವೆ ದಾಟಲು ಕಾವಲುಗಾರ ಬಿಡುತ್ತಿಲ್ಲ. "ಮಾಮ, ಅವನ ಟೋಪಿ ನೋಡು, ನೀಲಿ" ಎಂದಳು. ರಸ್ತೆಯಲ್ಲಿಡುವ ಕೋನನ್ನು ನೀಲಿ ಬಣ್ಣದಲ್ಲಿ ಅದ್ದಿ, ತುದಿಗೆ ಬಲ್ಬು ಸಿಕ್ಕಿಸಿ ರೋಬೋನ ತಲೆಗಿಟ್ಟರೆ ಅವನೂ ಕಾವಲುಗಾರನೇ! ಸೇತುವೆ ಇಳಿಯಿತು, ಅವಳು ಸೋಫಾದ ಮೇಲೆ ಕುಣಿದಳು. ಉತ್ತರ ಕಣ್ಣೆದುರೇ ಇತ್ತು, ಯಾವ ನಿಘಂಟೂ ಬೇಕಾಗಲಿಲ್ಲ.

ಕಿರಿಕಿರಿ ಇಲ್ಲವೆಂದಲ್ಲ. ರೋಬೋನ ಕೈಗೆ ಎಟುಕದ ವಸ್ತುವನ್ನು ಕ್ಲಿಕ್ಕಿಸಿದರೆ ಏನೂ ಆಗದು. ಅವನ ಮೈಯನ್ನು ಉದ್ದ ಮಾಡಿಯೋ ಗಿಡ್ಡ ಮಾಡಿಯೋ ನೋಡಬೇಕು. ಹಾಗಾಗಿ ಸರಿಯಾದ ಜಾಗವನ್ನೇ ಒತ್ತಿ "ಇಲ್ಲಿ ಏನೂ ಇಲ್ಲ" ಎಂದು ಎಷ್ಟೋ ಸಲ ಮುಂದೆ ಹೋದೆವು. ಮುಂದೆ ಹೋದಂತೆ ಕತೆಗೆ ಸಂಬಂಧವೇ ಇಲ್ಲದ ಗಣಿತದಂಥ ಒಗಟುಗಳೂ ಸೇರಿಕೊಳ್ಳುತ್ತವೆ. ಸುಳಿವಿನ ಪುಸ್ತಕವಿದೆ, ಆದರೆ ಅದನ್ನು ತೆರೆಯಲು ಜೇಡಗಳನ್ನು ಹೊಡೆಯುವ ಇನ್ನೊಂದು ಪುಟ್ಟ ಆಟ ಗೆಲ್ಲಬೇಕು. ಸೋಮಾರಿಗೆ ತಕ್ಕ ದಂಡ!

ಮಕ್ಕಳೊಂದಿಗೆ ಆಡುವುದಾದರೆ, ಅಥವಾ ಈ ಬಗೆಯ ಆಟ ಇದೇ ಮೊದಲಾದರೆ, ಮೆಷಿನೇರಿಯಂ ಎಂದು ಕಣ್ಣುಮುಚ್ಚಿ ಹೇಳುತ್ತೇನೆ. ನ್ಯಾಯವಾದ ಆಟ ಅದು. ಹಾಗಿದ್ದೂ ಅದರ ಒಗಟುಗಳಲ್ಲಿ ನನಗೆ ಈಗ ನೆನಪಿರುವುದು ಆ ನೀಲಿ ಟೋಪಿ ಒಂದೇ. ಬೈದುಕೊಂಡು ಆಡಿದ ಮಂಕಿ ಐಲ್ಯಾಂಡಿನ ಕೋತಿಯ ಕತೆಯನ್ನಾದರೋ ಇದುವರೆಗೆ ನಾಲ್ಕು ಮಂದಿಗೆ ಹೇಳಿದ್ದೇನೆ, ನಿಮ್ಮನ್ನು ಬಿಟ್ಟು. ಅಕ್ಕನ ಮಗಳಿಗೆ ಮಾತ್ರ ಇನ್ನೂ ಬಿಡುವಿಲ್ಲ. ಮೆಷಿನೇರಿಯಂನ ಹೆಂಡದಂಗಡಿಯಲ್ಲಿ ಐದು ಕಾಯಿಗಳನ್ನು ಸಾಲಾಗಿ ಕೂರಿಸುವ ಆಟವೊಂದಿದೆ, ಎದುರಾಳಿ ರೋಬೋ ಅವಳನ್ನು ಸೋಲಿಸುತ್ತಲೇ ಇದ್ದಾನೆ, ಅವಳು ನನಗೆ ಮೌಸ್ ಕೊಡುತ್ತಿಲ್ಲ.