ಜಪಸರವೋ, ಕೀರ್ತನೆಯೋ, ನೋಟ್‌ಬುಕ್ಕೋ?

ಬೆಳಗಾವಿ ಕ್ಯಾಂಪಿನಲ್ಲಿರೋ ಗೆಳತಿ ಕೇಳಿದಳು: "ಅಕ್ಕಾ, ಮಗನಿಗೆ 9, ಮಗಳಿಗೆ 15. ತಾವಾಗೇ ಪ್ರಾರ್ಥನೆ ಮಾಡೋ ಹಾಗೆ ಏನು ಕೊಡಲಿ?"

ದಾರಿ ಮೂರಿವೆ: ಮಣಿ ಎಣಿಸುತ್ತಾ ಪ್ರಾರ್ಥನೆ ಹೇಳೋ ಜಪಸರ, ಬೈಬಲ್ಲಿನ ಪ್ರಾರ್ಥನಾ ಗೀತೆಗಳಾದ ಕೀರ್ತನೆ, ಮನಸ್ಸಿನ ಪ್ರಾರ್ಥನೆ ಬರೆಯೋ ನೋಟ್‌ಬುಕ್. ಖರ್ಚು ಮೂರಕ್ಕೂ ಕಡಿಮೆ. ಬೈಬಲ್ ಮನೆಯಲ್ಲೇ ಇದೆ, ನೋಟ್‌ಬುಕ್ ಖಡೇಬಜಾರಿನಲ್ಲಿ ಸಿಗುತ್ತದೆ.

ಸಮಯ ಮುಖ್ಯ. ಹತ್ತು ಮಣಿಯ ಐದು ಸುತ್ತಿನ ಜಪಸರಕ್ಕೆ ಹೆಚ್ಚುಕಡಿಮೆ 20 ನಿಮಿಷ ಬೇಕು. ಚಿಕ್ಕವನಿಗೆ ಅದು ಜಾಸ್ತಿ, ಒಂದೇ ಸುತ್ತು ಸಾಕು. ಬೆರಳಿಗೆ ಕೆಲಸ ಸಿಕ್ಕರೆ ಮನಸ್ಸೂ ನಿಲ್ಲುತ್ತದೆ. ಜಪಸರದ ರೂಢಿ ಇಲ್ಲದ ಮನೆಯಾದರೆ ದೇವರನ್ನು ಕುರಿ ಕಾಯೋನು ಅನ್ನೋ ಕೀರ್ತನೆ 23 ಕಲಿಸು, ಆರೇ ವಚನ. ಕುರಿ ಕಾಯೋರನ್ನು ನೋಡಿ ಬೆಳೆದ ನಮ್ಮ ಕಡೆ ಮಕ್ಕಳಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಹದಿಹರೆಯದವರ ಮಾತು ಬೇರೆ. ಬಾಯಿಪಾಠ ಬೇಗ ಸಪ್ಪೆ ಆಗುತ್ತದೆ, ಅಲ್ವಾ? ಅವರಿಗೆ ನೋಟ್‌ಬುಕ್ಕೇ ಸರಿ. ನನ್ನ ಮಗಳು ಪರೀಕ್ಷೆಯ ಹಿಂದಿನ ರಾತ್ರಿ "ದೇವರೇ, ಭಯ ಆಗ್ತಿದೆ" ಅಂತ ನೋಟ್‌ಬುಕ್ಕಿನಲ್ಲಿ ಒಂದೇ ಸಾಲು ಬರೆದು ಮಲಗಿದ್ದಳು. ಎಷ್ಟೋ ದಿನ ಆದಮೇಲೆ ಅವಳೇ ತೋರಿಸಿದಳು. ನಿನ್ನ ಮಗಳ ನೋಟ್‌ಬುಕ್ಕನ್ನು ಮಾತ್ರ ನೀನಾಗಿ ತೆರೆಯಬೇಡ. ಕದ್ದು ಓದಿದ್ದು ಗೊತ್ತಾದರೆ ಬರೆಯೋದೇ ನಿಲ್ಲುತ್ತದೆ.

ಬರೆಯೋಕೆ ಬೇಜಾರು ಅಂದರೆ ಕೀರ್ತನೆ 13 ಕೊಡು. "ಎಲ್ಲಿಯವರೆಗೆ?" ಅಂತ ದೇವರನ್ನೇ ಕೇಳೋ ಕೀರ್ತನೆ ಅದು. ಸಿಟ್ಟಿನಲ್ಲಿರೋ ಹುಡುಗಿಗೆ ಸುಮ್ನೆ ಅದನ್ನು ಓದಿದರೂ ಪ್ರಾರ್ಥನೆಯೇ.